ಗೌರಿ, ಗಣೇಶ, ಮರಿಯಮ್ಮ: ಹಳೇ ಕ್ಲಾಸ್‌ಮೇಟ್‌ಗಳ ಜೊತೆ ಬೆಂಗಳೂರಲ್ಲಿ

ಶುಕ್ರವಾರ, ಗೌರಿ ಹಬ್ಬ

ದಿನ ಗೊತ್ತು ಮಾಡಿದವನು ಕ್ಯಾಲಿಫೋರ್ನಿಯಾದಲ್ಲಿ ಕೂತಿದ್ದ. ಸೆಪ್ಟೆಂಬರ್ 8 ಭಾನುವಾರ ಬಿದ್ದಿದೆ, ಶಿವಾಜಿನಗರದ ಸೇಂಟ್ ಮೇರಿ ಚರ್ಚಿನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಬ್ಬಕ್ಕೆ ಎಲ್ಲರೂ ಸೇರಬಹುದು ಅಂತ ವಿಮಾನದ ಟಿಕೆಟ್ ತೆಗೆದೇಬಿಟ್ಟ. 2024ರಲ್ಲಿ ಅದರ ಹಿಂದಿನ ದಿನ ಗಣೇಶ ಚೌತಿ, ಅದಕ್ಕೂ ಹಿಂದಿನ ದಿನ ಗೌರಿ. ಪಂಚಾಂಗ ನೋಡುವ ಅಭ್ಯಾಸ ಅವನಿಗೆ ಶಾಲೆಯಲ್ಲೂ ಇರಲಿಲ್ಲ, ಈಗ ಹೇಗೆ ಬರಬೇಕು? ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಜಗಳ. "ಹಬ್ಬದ ದಿನ ಮನೆ ಬಿಟ್ಟು ಬಂದ್ರೆ ವಾಪಸ್ ಒಳಗೆ ಸೇರಿಸ್ತಾರೇನೋ?" ಅಂತ ಒಬ್ಬ ಕೇಳಿದ್ದ. ನನ್ನ ಹೆಂಡತಿ ಮಾತ್ರ, "ಹೋಗಿ ಬನ್ನಿ, ಬಾಗಿನ ಕೊಡೋಕೆ ನೀವೇನು ಬೇಕಿಲ್ಲ" ಅಂದಳು. ಅದನ್ನು ಒಪ್ಪಿಗೆ ಅಂತಲೇ ಇಟ್ಟುಕೊಂಡು ಶಿವಮೊಗ್ಗದಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿದೆ.

ನಾವು 1987ರ ಎಸ್ಸೆಸ್ಸೆಲ್ಸಿ ಬ್ಯಾಚು. ಕಂಟೋನ್ಮೆಂಟ್ ಕಡೆಯ ಒಂದು ಕ್ಯಾಥೋಲಿಕ್ ಹುಡುಗರ ಹೈಸ್ಕೂಲು. ಹೆಸರು ಬೇಡ. ಬೆಂಗಳೂರಿನಲ್ಲಿ ಅಂಥ ಶಾಲೆಗಳು ಒಂದಷ್ಟಿವೆ, ಒಂದರ ಕಥೆ ಹೇಳಿದರೆ ಉಳಿದವುಗಳದ್ದೂ ಅರ್ಧ ಹೇಳಿದ ಹಾಗೆಯೇ.

ಮೆಜೆಸ್ಟಿಕ್‌ನಿಂದ ಮೆಟ್ರೋ ಹಿಡಿದು ಎಂ.ಜಿ. ರೋಡ್‌ಗೆ ಬಂದೆ. 2011ರಲ್ಲಿ ನಗರದ ಮೊದಲ ಮೆಟ್ರೋ ಓಡಿದ್ದು ಈ ನಿಲ್ದಾಣದಿಂದ ಬೈಯಪ್ಪನಹಳ್ಳಿಗೆ. ನಮಗೆ ಇದು ಪ್ಲಾಜಾ ಟಾಕೀಸ್ ಇದ್ದ ರಸ್ತೆ. ಟಾಕೀಸ್ ಹೋಯಿತು, ಇಂಡಿಯಾ ಕಾಫಿ ಹೌಸ್ 2009ರಲ್ಲಿ ಇಲ್ಲಿಂದ ಎದ್ದು ಹಿಂದಿನ ಚರ್ಚ್ ಸ್ಟ್ರೀಟಿಗೆ ಹೋಯಿತು. ಅಲ್ಲಿ ಕಡ್ಡಿ ಕಾಯುತ್ತಿದ್ದ. ಹೆಸರಿಗೆ ಕಡ್ಡಿ, ಈಗ ನೂರು ಕೆಜಿ ಹತ್ತಿರ ಇದ್ದಾನೆ, ವಕೀಲ. ಜೊತೆಗೆ ಸ್ವಾಮಿ. ಇವನು ಬೇಗೂರಿನ ಕನ್ನಡ ಕ್ಯಾಥೋಲಿಕ್ ಮನೆಯ ಹುಡುಗ, ಎಂಟನೇ ಕ್ಲಾಸಿನಲ್ಲೇ ಪಾದ್ರಿ ಆಗ್ತೀನಿ ಅನ್ನುತ್ತಿದ್ದ, ಆದ ಕೂಡ. ಯೇಸುಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘ, ಸೇರಿ ಬಹಳ ವರ್ಷ ರಾಯಚೂರು ಕಡೆಯ ಹಳ್ಳಿಗಳಲ್ಲಿದ್ದ. ಊರೆಲ್ಲ ಅವನನ್ನು ಫಾದರ್ ಅನ್ನುತ್ತದೆ. ನಮಗೆ ಮಾತ್ರ "ಲೋ ಸ್ವಾಮಿ".

ಶಾಲೆಗೆ ನಡೆದೇ ಹೋದೆವು. ಅವತ್ತು ಶಾಲೆ ಇತ್ತು. ಕಲ್ಲಿನ ಕಮಾನು, ಕೆಂಪು ನೆಲದ ಉದ್ದನೆಯ ಕಾರಿಡಾರು, ಗೋಡೆಯ ಮೇಲೆ ರ‍್ಯಾಂಕ್ ಬಂದವರ ಹೆಸರಿನ ಮರದ ಹಲಗೆಗಳು. ನಮ್ಮ ವರ್ಷದ ಸಾಲಿನಲ್ಲಿ ಚಿನ್ನದ ಬಣ್ಣ ಉದುರಿ, ಕ್ಯಾಲಿಫೋರ್ನಿಯಾದವನ ಹೆಸರಿನ ಮೊದಲ ಅಕ್ಷರ ಹೋಗಿತ್ತು. ಕಡ್ಡಿ ಅದರ ಫೋಟೋ ತೆಗೆದು ತಕ್ಷಣ ಗ್ರೂಪಿಗೆ ಹಾಕಿದ.

ವಾರಕ್ಕೆ ಒಂದೆರಡು ಪಿರಿಯಡ್ ನಮ್ಮ ಕ್ಲಾಸು ಎರಡಾಗುತ್ತಿತ್ತು. ಕ್ಯಾಥೋಲಿಕ್ ಹುಡುಗರು ಕ್ಯಾಟೆಕಿಸಂಗೆ, ಅಂದರೆ ಅವರ ಧರ್ಮದ ಪಾಠಕ್ಕೆ, ಒಂದು ಕೋಣೆಗೆ, ಉಳಿದವರು ಮಾರಲ್ ಸೈನ್ಸಿಗೆ ಇನ್ನೊಂದು ಕೋಣೆಗೆ. ನಾನು, ಕಡ್ಡಿ ಎರಡನೇ ಕೋಣೆಯವರು. ಅಲ್ಲಿ ಸತ್ಯ ಹೇಳಬೇಕು, ಹಿರಿಯರಿಗೆ ಮರ್ಯಾದೆ ಕೊಡಬೇಕು, ಹೋಂವರ್ಕ್ ನಕಲು ಮಾಡಬಾರದು. ಆ ಪಿರಿಯಡ್‌ನಲ್ಲೇ ನಾವು ಮುಂದಿನ ಪಿರಿಯಡ್‌ನ ಹೋಂವರ್ಕ್ ನಕಲು ಮಾಡುತ್ತಿದ್ದೆವು. ಆ ಕೋಣೆಯಲ್ಲಿ ನಿಮಗೇನು ಹೇಳಿಕೊಡ್ತಿದ್ರು ಅಂತ ಸ್ವಾಮಿಯನ್ನು ಇಷ್ಟು ವರ್ಷದ ಮೇಲೆ ಕೇಳಿದೆ. "ಪ್ರಶ್ನೆ ಉತ್ತರ ಬಾಯಿಪಾಠ ಕಣೋ. ನಿಮಗಿಂತ ಬೋರು" ಅಂದ.

ಮಧ್ಯಾಹ್ನ ಮೆಟ್ರೋದಲ್ಲಿ ವೈಟ್‌ಫೀಲ್ಡ್ ಕಡೆ ಹೊರಟೆವು, ನಮಗೆ ಇಂಗ್ಲಿಷ್ ಕಲಿಸಿದ ಮಿಸ್ ಅನ್ನು ನೋಡಲು. ವೈಟ್‌ಫೀಲ್ಡ್ ಅಂದರೆ ಈಗಿನವರಿಗೆ ಐಟಿ ಪಾರ್ಕು. ಅದು ಹುಟ್ಟಿದ್ದು 1882ರಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ, ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡು ಇರಲಿ ಅಂತ. ಡಿ.ಎಸ್. ವೈಟ್ ಅನ್ನುವ ಅವರ ಮುಖಂಡನ ಹೆಸರೇ ಊರಿಗೆ ಬಂತು. ಹಳೇ ಬಡಾವಣೆ ದುಂಡಗಿತ್ತು. ಇನ್ನರ್ ಸರ್ಕಲ್ ಅಂತ ಈಗಲೂ ಕರೆಯುತ್ತಾರೆ.

ಹೋಪ್‌ಫಾರ್ಮ್ ನಿಲ್ದಾಣದ ಕೆಳಗೆ ಬಿಳಿ ಇನ್ನೋವಾ ಪಕ್ಕ ಮೀಟರ್ ನಿಂತಿದ್ದ. ಕಾವಿ ಅಂಗಿ, ಕಾವಿ ಪಂಚೆ, ಬರಿಗಾಲು. ಮರಿಯಮ್ಮನ ವ್ರತದಲ್ಲಿದ್ದ.

ಮೀಟರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವನಪ್ಪ ಶಿವಾಜಿನಗರದಲ್ಲಿ ಆಟೋ ಓಡಿಸುತ್ತಿದ್ದರು, ಅದಕ್ಕೇ ಈ ಹೆಸರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಉರ್ದು ಎರಡೂ. ಚರ್ಚಿನ ಫಾದರ್ ಒಬ್ಬರು ಚೀಟಿ ಬರೆದುಕೊಟ್ಟು ಅವನನ್ನು ನಮ್ಮ ಶಾಲೆಗೆ ಸೇರಿಸಿದ್ದರು. ಒಂಬತ್ತನೇ ಕ್ಲಾಸಿನ ಕೊನೆಗೆ ಅವನನ್ನು ಫೇಲ್ ಮಾಡಿದರು. ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕು ಅಂದರೆ ದಡ್ಡರನ್ನು ಒಂಬತ್ತರಲ್ಲೇ ತಡೆಯಬೇಕು. ಇದು ನಮ್ಮ ಶಾಲೆಯ ಕಂಡುಹಿಡಿತವೇನಲ್ಲ, ಒಳ್ಳೇ ಹೆಸರಿನ ಎಷ್ಟೋ ಶಾಲೆಗಳ ಗುಟ್ಟು. ಟಿಸಿ ತಗೊಂಡು ಹೋದ ಹುಡುಗ ವಾಪಸ್ ಬರಲಿಲ್ಲ. ಹಾಗಾಗಿ ಲೆಕ್ಕದ ಪ್ರಕಾರ ಅವನು 1987ರ ಬ್ಯಾಚಿನವನಲ್ಲ. ಅವನನ್ನು ಗ್ರೂಪಿಗೆ ಸೇರಿಸಬೇಕೋ ಬೇಡವೋ ಅಂತ ಆರು ತಿಂಗಳ ಹಿಂದೆ ನಿಜಕ್ಕೂ ಚರ್ಚೆಯಾಗಿತ್ತು. "ರೂಲ್ಸ್ ಪ್ರಕಾರ ಪಾಸಾದವರು ಮಾತ್ರ" ಅಂತ ಒಬ್ಬ ಬರೆದ. ಸ್ವಾಮಿ ಯಾರನ್ನೂ ಕೇಳದೆ ಅವನಿಗೆ ಫೋನ್ ಮಾಡಿ ಕರೆದಿದ್ದ.

ಮಿಸ್‌ಗೆ ಎಂಬತ್ತು ದಾಟಿದೆ. ಹೆಂಚಿನ ಮನೆ, ಮುಂದೆ ಗುಲಾಬಿ ಕುಂಡಗಳು, ಎರಡೂ ಪಕ್ಕ ಅಪಾರ್ಟ್‌ಮೆಂಟ್ ಎದ್ದು ಬಿಸಿಲೇ ಬೀಳುವುದಿಲ್ಲ. ಟಿನ್ನಿನಿಂದ ರೋಸ್ ಕುಕೀಸ್ ತೆಗೆದು ಕೊಟ್ಟರು. ನಮ್ಮ ಅಚ್ಚುಮುರುಕು ಅದೇ, ಇವರದ್ದು ಸ್ವಲ್ಪ ಸಿಹಿ ಜಾಸ್ತಿ. ಕಡ್ಡಿಯನ್ನು ಕೈಬರಹದಿಂದ ಗುರುತು ಹಿಡಿದರು. ಅಂದರೆ, ಕಾಗದ ಪೆನ್ನು ಕೊಟ್ಟು ಹೆಸರು ಬರೆಸಿದರು, ನೋಡಿದರು, "ಇನ್ನೂ ಟಿ ಕ್ರಾಸ್ ಮಾಡಲ್ಲ ನೀನು" ಅಂದರು.

ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದುದು ಇವರೇ. ಗೋಕಾಕ್ ಚಳವಳಿ ಮುಗಿದು ಐದು ವರ್ಷ ಆಗಿರಲಿಲ್ಲ, ಹೊರಗೆ ಕನ್ನಡದ ಬಾವುಟ, ಒಳಗೆ ಕನ್ನಡಕ್ಕೆ ನಾಲ್ಕಾಣೆ ದಂಡ. ಅದನ್ನು ಕಡ್ಡಿ ನಗುತ್ತಲೇ ನೆನಪಿಸಿದ. ಅವರಿಗೇನೂ ಬೇಜಾರಾಗಲಿಲ್ಲ. "ಇಂಗ್ಲಿಷ್ ಬರದಿದ್ರೆ ನಿಂಗೆ ಹೈಕೋರ್ಟಲ್ಲಿ ಏನ್ ಕೆಲ್ಸ ಇತ್ತು ಮ್ಯಾನ್?" ಅಂತ ಕನ್ನಡದಲ್ಲೇ ಕೇಳಿದರು. ಅರ್ಧ ನಿಜ. ಉಳಿದರ್ಧ ನಮಗೆ ಆ ವಯಸ್ಸಿನಲ್ಲಿ ಅಂಟಿದ ನಾಚಿಕೆ, ಅಮ್ಮ ಗೇಟಿನ ಹತ್ತಿರ ಬಂದು ಕನ್ನಡದಲ್ಲಿ ಕೂಗಿದರೆ ತಲೆ ತಗ್ಗಿಸುತ್ತಿದ್ದದ್ದು. ಅದನ್ನು ಅವರಿಗೆ ಹೇಳುವ ಮನಸ್ಸಾಗಲಿಲ್ಲ.

ಆಮೇಲೆ ಮೀಟರ್ ಕಡೆ ತಿರುಗಿದರು. "ನೀನು ಲಾಸ್ಟ್ ಬೆಂಚು. ಟೆಂತ್‌ಗೆ ನಿನ್ನ ನೋಡಿದ ನೆನಪಿಲ್ವಲ್ಲ?"

"ಬೇರೆ ಸ್ಕೂಲಿಗೆ ಸೇರ್ಕೊಂಡೆ ಮಿಸ್."

ಸೇರಿರಲಿಲ್ಲ. ಕ್ವೀನ್ಸ್ ರೋಡ್ ಹತ್ತಿರದ ಗ್ಯಾರೇಜಿಗೆ ಸೇರಿದ್ದ. ಸ್ವಾಮಿ ಕುಕೀಸ್ ಟಿನ್ನಿನ ಮುಚ್ಚಳ ಹಾಕುತ್ತ ಕೂತ. ಹೊರಡುವಾಗ ಮಿಸ್ ಉಳಿದಿದ್ದನ್ನೆಲ್ಲ ಪೊಟ್ಟಣ ಕಟ್ಟಿ ಮೀಟರ್ ಕೈಗೇ ಕೊಟ್ಟರು. ವ್ರತ, ಭಾನುವಾರದವರೆಗೆ ತಿನ್ನಲ್ಲ ಅಂದ. "ಮೊಟ್ಟೆ ಹಾಕಿದೀನಿ, ಹಾಗಾದ್ರೆ ಮಂಡೇ ತಿನ್ನು" ಅಂದರು.

ಶನಿವಾರ, ಗಣೇಶ ಚೌತಿ

ಬೆಳಗ್ಗೆ ಕಾರ್ಯಕ್ರಮವೇ ಇಲ್ಲ, ಎಲ್ಲರ ಮನೆಯಲ್ಲೂ ಗಣೇಶ. ಬಸವನಗುಡಿಯಲ್ಲಿ ಕಡ್ಡಿ ಮನೆಗೆ ಊಟಕ್ಕೆ ಹೋದೆ. ಕಾಯಿ ಕಡುಬು, ಖಾರದ ಕಡುಬು, ಹುಳಿ. ಸ್ವಾಮಿಯೂ ಬಂದಿದ್ದ. ಕಡ್ಡಿಯ ಅಮ್ಮ ಅವನಿಗೆ, "ನಿಮ್ಮಲ್ಲಿ ನಾಳೆ ಅಮ್ಮನೋರ ಹಬ್ಬ ಅಲ್ವೇನಪ್ಪ, ಇವತ್ತು ಮಗಂದು" ಅಂದರು. ಎರಡು ಮತಗಳ ಪಂಚಾಂಗವನ್ನು ಅಷ್ಟು ಸಲೀಸಾಗಿ ಸೇರಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ರಾತ್ರಿ ರೆಸಿಡೆನ್ಸಿ ರೋಡ್ ಕಡೆಯ ಒಂದು ಕ್ಲಬ್ಬಿನಲ್ಲಿ ಪಾರ್ಟಿ. ತಲೆಗೆ ಐದು ಸಾವಿರ. ಮೀಟರ್ ಬರಲಿಲ್ಲ. ಬಾಡಿಗೆ ಇದೆ ಅಂದನಂತೆ.

ಇಂಥ ಕೂಟಗಳಲ್ಲಿ ಎರಡನೇ ಪೆಗ್ಗಿನ ಹೊತ್ತಿಗೆ ಮೈಕು ಬರುತ್ತದೆ. ಒಬ್ಬೊಬ್ಬರಾಗಿ ಎದ್ದು ಜೀವನದ ಬಗ್ಗೆ ಹೇಳಬೇಕು. ಕ್ಯಾಲಿಫೋರ್ನಿಯಾದವನು ಸ್ಲೈಡ್ಸ್ ತಂದಿದ್ದ. 1998ರಲ್ಲಿ ಕಂಪ್ಯೂಟರಿನ ವೈ2ಕೆ ರಿಪೇರಿ ಕೆಲಸಕ್ಕೆ ಅಂತ ಹೋದದ್ದು, ಮನೆ, ಮಕ್ಕಳ ಪದವಿ. ಡಾಕ್ಟರ್ ಆದವನು, ಬಿಲ್ಡರ್ ಆದವನು, ಕಾಲೇಜು ನಡೆಸುವವನು. ಎಲ್ಲರ ಮಾತೂ ಬಂದು ನಿಂತದ್ದು ಒಂದೇ ಕಡೆ: ಶಿಸ್ತು. ಆ ಶಾಲೆಯ ಶಿಸ್ತು ಈಗೆಲ್ಲಿದೆ? ಕೂದಲು ಕಿವಿ ಮುಟ್ಟಿದರೆ ಗೇಟಿನಿಂದಲೇ ವಾಪಸ್, ಶೂ ಪಾಲಿಶ್ ಇಲ್ಲದಿದ್ದರೆ ಬೆತ್ತ. "ಇವತ್ತು ನಾನು ಏನಾಗಿದೀನೋ ಅದು ಆ ಏಟಿನಿಂದ" ಅಂತ ಬಿಲ್ಡರ್ ಹೇಳಿದಾಗ ಜೋರು ಚಪ್ಪಾಳೆ.

ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಏಟು ತಿಂದವರು ಎಲ್ಲರೂ, ಮೈಕ್ ಹಿಡಿಯುವವರು ಉದ್ಧಾರ ಆದವರು ಮಾತ್ರ. ಅಪ್ಪನ ಸಂಬಳ, ಮನೆಯ ಇಂಗ್ಲಿಷ್, ಟ್ಯೂಷನ್ನು, ಎಲ್ಲ ಸೇರಿ ಮಾಡಿದ ಕೆಲಸದ ಹೆಸರನ್ನು ಬೆತ್ತಕ್ಕೆ ಕೊಟ್ಟುಬಿಡುತ್ತೇವೆ. ನಮ್ಮ ಕಾಲದ ಮೌಲ್ಯ ಅಂತ ಹೊಗಳುವಾಗ ನಾವು ಹೊಗಳುವುದು ಬಹಳ ಸಲ ಕಟಿಂಗ್ ಮತ್ತು ಶೂಗಳನ್ನ.

ಬಾಟ್ಲಿಯ ಸರದಿ ಬಂತು. ದಪ್ಪ ಗಾಜಿನ ಕನ್ನಡಕದವನು. ಅವನಪ್ಪನ ಹಾಗೆ ದೂರವಾಣಿನಗರದ ಐಟಿಐ ಸೇರಿದ್ದ. 1948ರಲ್ಲಿ ಶುರುವಾದ ಕಾರ್ಖಾನೆ, ದೇಶದ ಮನೆಮನೆಗೆ ಟೆಲಿಫೋನ್ ಮಾಡಿಕೊಟ್ಟಿದ್ದು. ಮೊಬೈಲ್ ಬಂದ ಮೇಲೆ ಕೆಲಸ ಕರಗುತ್ತ ಹೋಯಿತು, ಇವನು ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡ. "ನಾನು ಸ್ಟೋರ್ಸ್‌ನಲ್ಲಿದ್ದೆ. ಒಂದು ಸ್ಕ್ರೂ ಮನೆಗೆ ತಗೊಂಡು ಹೋಗಿಲ್ಲ. ಈಗ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ. ಅಷ್ಟೇ" ಅಂದು ಕೂತ. ಚಪ್ಪಾಳೆ ಬಿತ್ತು, ಸಣ್ಣದು. ಮೈಕು ಬೇಗ ಮುಂದೆ ಹೋಯಿತು.

ಕೊನೆಗೆ ದುಡ್ಡಿನ ವಿಷಯ. ನಾಲ್ಕು ಲಕ್ಷ ಚಿಲ್ಲರೆ ಸೇರಿತ್ತು. ಶಾಲೆಯ ಮೈದಾನಕ್ಕೆ ಗ್ರಾನೈಟ್ ಕಮಾನು, ಮೇಲೆ ಬ್ಯಾಚಿನ ಹೆಸರು. ಬಿಲ್ಡರ್ ಡ್ರಾಯಿಂಗ್ ತೋರಿಸಿದ. ಬಡ ಹುಡುಗರ ಫೀಸಿಗೆ ಕೊಡೋಣ ಅಂತ ಬಾಟ್ಲಿ ಅಂದದ್ದು ಡಿಜೆ ಸದ್ದಿನಲ್ಲಿ ಮುಳುಗಿತು.

ಭಾನುವಾರ, ಮರಿಯಮ್ಮನ ಹಬ್ಬ

ಶಿವಾಜಿನಗರಕ್ಕೆ ಬಸ್ಸು, ಕಾರು ಬಿಡುವುದಿಲ್ಲ ಅಂತ ಗೊತ್ತಿತ್ತು, ಕಂಟೋನ್ಮೆಂಟ್ ಸ್ಟೇಷನ್ ಕಡೆಯಿಂದ ನಡೆದೆವು. ಬಂದವರು ನಾಲ್ಕೇ ಜನ: ಸ್ವಾಮಿ, ಬಾಟ್ಲಿ, ಕಡ್ಡಿ, ನಾನು. ಹಬ್ಬಕ್ಕೇ ಅಂತ ದಿನ ಗೊತ್ತು ಮಾಡಿದವನಿಗೆ ಎದ್ದೇಳಲು ಆಗಲಿಲ್ಲ.

ಆಗಸ್ಟ್ 29ಕ್ಕೆ ಬಾವುಟ ಏರಿದರೆ ಸೆಪ್ಟೆಂಬರ್ 8ರವರೆಗೆ ಈ ಬೀದಿಗಳು ಕಾವಿಮಯ. ವ್ರತದವರು ನಗರದ ಮೂಲೆಮೂಲೆಯಿಂದ ಬರಿಗಾಲಲ್ಲಿ ನಡೆದು ಬರುತ್ತಾರೆ. ಬರುವವರಲ್ಲಿ ಹಿಂದೂಗಳು, ಮುಸ್ಲಿಮರು ಬೇಕಾದಷ್ಟು. ಮಾತೆಗೆ ಸೀರೆ ಉಡಿಸಿರುತ್ತಾರೆ. ಇಲ್ಲಿ ಮೊದಲಿದ್ದದ್ದು ಸಣ್ಣ ಗುಡಿಯಂಥ ಚರ್ಚು, 19ನೇ ಶತಮಾನದ ಆರಂಭದಲ್ಲಿ ಅಬ್ಬೆ ದುಬಾಯ್ ಕಟ್ಟಿಸಿದ್ದು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ ಫ್ರೆಂಚ್ ಪಾದ್ರಿ ಅವರು. ಈಗಿನ ಚೂಪು ಗೋಪುರದ ಕಟ್ಟಡ 1882ರದ್ದು. ಒಳಗೆ ತಮಿಳು, ಕನ್ನಡ, ಇಂಗ್ಲಿಷ್ ಬಲಿಪೂಜೆಗಳು, ಅಂದರೆ ಚರ್ಚಿನ ಮಾಸ್, ಒಂದರ ಹಿಂದೆ ಒಂದು. ಹೊರಗೆ ಎರಡು ರಸ್ತೆ ಆಚೆ ಗಣಪತಿ ಪೆಂಡಾಲಿನ ತಮಟೆ, ಹಲಸೂರು ಕೆರೆಗೆ ಹೊರಟ ಮೂರ್ತಿ. ಪಕ್ಕದ ಮಸೀದಿಯಿಂದ ಆಜಾನ್. ಪೊಲೀಸರ ಪಾಡು ಕೇಳಬೇಡಿ.

ಮೀಟರ್ ಗೇಟಿನ ಹತ್ತಿರ ಕುಡಿಯುವ ನೀರು ಹಂಚುತ್ತಿದ್ದ. ನೀಲಿ ಡ್ರಮ್ಮು, ಸ್ಟೀಲ್ ಲೋಟಗಳು. ಒಂದು ಲೋಟವನ್ನು ಬಕೆಟ್ಟಿನಲ್ಲಿ ಅದ್ದಿ, ಬೆರಳಿಂದ ಅಂಚು ಒರೆಸಿ, ತುಂಬಿ ಕೊಡುವುದು. ಮುಖ ನೋಡುತ್ತಲೇ ಇರಲಿಲ್ಲ, ನನಗೂ ಕೊಟ್ಟು ಮುಂದೆ ಕೈ ಚಾಚಿದ. "ಲೋ, ನಾನು ಕಣೋ" ಅಂದ ಮೇಲೆ ನಕ್ಕ. ಗಂಟೆ ಹೊತ್ತು ನಾವೂ ಲೋಟ ತೊಳೆದೆವು. ವಕೀಲನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

ಆಮೇಲೆ ರಸೆಲ್ ಮಾರ್ಕೆಟ್ ಹಿಂದಿನ ಚಹಾ ಅಂಗಡಿಯಲ್ಲಿ ಕೂತಾಗ ಸ್ವಾಮಿ ಒಂದು ಕಥೆ ಹೇಳಿದ. ಪೆದ್ರೊ ಅರುಪೆ ಅಂತ, ಯೇಸುಸಭೆಯ ಜಗತ್ತಿಗೇ ಮುಖ್ಯಸ್ಥರಾಗಿದ್ದವರು. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಊರಂಚಿನಲ್ಲಿದ್ದರು, ಮೊದಲು ಮೆಡಿಕಲ್ ಓದಿದ್ದರಿಂದ ತಮ್ಮ ಮಠವನ್ನೇ ಆಸ್ಪತ್ರೆ ಮಾಡಿ ಗಾಯಾಳುಗಳನ್ನು ನೋಡಿಕೊಂಡರು. 1973ರ ಜುಲೈ 31ಕ್ಕೆ ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ವಿಟ್ ಶಾಲೆಗಳಲ್ಲಿ ಓದಿದ ಯುರೋಪಿನ ಹಳೇ ವಿದ್ಯಾರ್ಥಿಗಳ ಸಮ್ಮೇಳನ. ದೊಡ್ಡ ದೊಡ್ಡ ಮನೆತನದವರು, ದೊಡ್ಡ ಹುದ್ದೆಯವರು. ಹೊಗಳಿಕೆ ಕೇಳಲು ಬಂದವರ ಮುಂದೆ ಈತ ಎದ್ದು, ನ್ಯಾಯಕ್ಕಾಗಿ ಬದುಕುವುದನ್ನು ನಾವು ನಿಮಗೆ ಕಲಿಸಿದೆವಾ ಅಂತ ಕೇಳಿದರು. ಉತ್ತರವನ್ನೂ ತಾವೇ ಕೊಟ್ಟರು: ಇಲ್ಲ, ಕಲಿಸಲಿಲ್ಲ. ತನಗಾಗಿ ಬದುಕುವವನಲ್ಲ, ಬೇರೆಯವರಿಗಾಗಿ ಬದುಕುವವನನ್ನು ತಯಾರು ಮಾಡುವುದೇ ನಮ್ಮ ಶಿಕ್ಷಣದ ಗುರಿ ಆಗಬೇಕು ಅಂದರು. ಕೂತಿದ್ದವರಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು.

"ಬರದೇ ಇರುತ್ತಾ? ಐದು ಸಾವಿರ ಕೊಟ್ಟಿರ್ತಾರೆ" ಅಂದ ಕಡ್ಡಿ.

ನಮ್ಮದು ಜೆಸ್ವಿಟ್ ಶಾಲೆಯಲ್ಲ. ಆದರೂ ನಿನ್ನೆ ರಾತ್ರಿಯ ಮೈಕು ಕೇಳಿದವನಿಗೆ ಆ ಪ್ರಶ್ನೆ ಚೆನ್ನಾಗಿ ತಟ್ಟಿತು. ಆ ಶಾಲೆ ಮಾಡಿದ ಒಳ್ಳೇ ಕೆಲಸ ಯಾವುದು ಅಂತ ಕೇಳಿದರೆ ನಾನು ಬೆತ್ತವನ್ನೂ ಹೇಳಲ್ಲ, ಮಾರಲ್ ಸೈನ್ಸನ್ನೂ ಹೇಳಲ್ಲ. ಬಿಲ್ಡರ್ ಮಗನ ಪಕ್ಕ ಆಟೋದವರ ಮಗ ಒಂದೇ ಬೆಂಚಿನಲ್ಲಿ ಕೂತದ್ದು. ಮಾಡಿದ ಕೆಟ್ಟ ಕೆಲಸ, ಅವನನ್ನು ಅಲ್ಲಿಂದ ಎಬ್ಬಿಸಿದ್ದು. ಎರಡೂ ಒಂದೇ ಹುಡುಗನಿಗೆ ಆಯಿತು.

ಈಗ ಆ ಬೆಂಚಿಗೆ ಹೋಗುವ ದಾರಿಯೂ ಕಷ್ಟ. ಕಡ್ಡಿ ಕಾನೂನು ಬಿಡಿಸಿ ಹೇಳಿದ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಕಾಲು ಭಾಗ ಸೀಟು ಬಡ ಮಕ್ಕಳಿಗೆ ಅಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸಲ್ಲ ಅಂತ ಹೇಳಿತು. ಅವುಗಳ ಸ್ವಾತಂತ್ರ್ಯ ಕಾಯಲು ಕೊಟ್ಟ ತೀರ್ಪು, ಅದಕ್ಕೆ ಅದರದೇ ಕಾರಣಗಳಿವೆ. ಆದರೆ ಶಿವಾಜಿನಗರದ ಆಟೋ ಡ್ರೈವರ್ ಕಾನೂನು ಹಿಡಿದುಕೊಂಡು ಅಂಥ ಗೇಟಿಗೆ ಹೋಗಲು ಆಗುವುದಿಲ್ಲ. ಈಗಲೂ ಯಾರಾದರೂ ಫಾದರ್ ಚೀಟಿ ಬರೆಯಬೇಕು.

"ಬರೀತೀವಿ. ಎಲ್ರೂ ಬರೆಯಲ್ಲ" ಅಂದ ಸ್ವಾಮಿ.

ಬಾಟ್ಲಿ ನಿನ್ನೆಯ ಮಾತನ್ನು ಮತ್ತೆ ಎತ್ತಿದ. ಕಮಾನು ಅವರು ಕಟ್ಟಿಕೊಳ್ಳಲಿ, ನಾವು ಬೇರೆ ದುಡ್ಡು ಹಾಕಿ ವರ್ಷಕ್ಕೆ ಇಬ್ಬರು ಹುಡುಗರ ಫೀಸು ಕಟ್ಟೋಣ. ಹುಡುಗರನ್ನು ಮೀಟರ್ ಹುಡುಕಲಿ, ಅವನಿಗೆ ಇಲ್ಲಿನ ಮನೆಮನೆ ಗೊತ್ತು. ಎಲ್ಲರೂ ಸರಿ ಅಂದೆವು. ಮೀಟರ್ ಬಂದು ಕೂತು, ಚಹಾ ಬೇಡ ಅಂದು, ಪೂರ್ತಿ ಕೇಳಿಸಿಕೊಂಡ.

"ಫೀಸು ನಾನೂ ಕಟ್ತೀನಿ. ಮೂರು ಗಾಡಿ ಓಡ್ತಾ ಇದೆ, ದುಡ್ಡು ದೊಡ್ಡದಲ್ಲ ಗುರು" ಅಂದ. "ನಮ್ಮಪ್ಪಾನೂ ಕಟ್ಟಿದ್ರು. ಫೀಸು ಬಾಕಿ ಅಂತ ನನ್ನ ಕಳಿಸಿಲ್ಲ. ಒಂಬತ್ತರಲ್ಲಿ ನಿಲ್ಸಲ್ಲ ಅಂತ ಬರೆಸ್ಕೊಳ್ಳಿ ಮೊದ್ಲು. ಆಮೇಲೆ ಹುಡುಗರನ್ನ ಕೊಡ್ತೀನಿ."

ಯಾವ ಶಾಲೆಯೂ ಹಾಗೆ ಬರೆದುಕೊಡಲ್ಲ ಅಂದ ವಕೀಲ. ಕಾಯ್ದೆಯ ರಕ್ಷಣೆಯೂ ಎಂಟನೇ ಕ್ಲಾಸಿಗೆ ಮುಗಿಯುತ್ತದೆ, ಒಂಬತ್ತಕ್ಕೆ ಹಿಡಿಯಲು ಏನೂ ಇಲ್ಲ. ಬರೆದುಕೊಡದಿದ್ದರೆ ಫೇಲ್ ಆಗೋ ಹುಡುಗರಿಗೆ ಸಂಜೆ ಪಾಠ ನಾನು ಮಾಡ್ತೀನಿ, ಅದಕ್ಕೆ ಕೋಣೆ ಕೊಡಿ ಅಂತ ಕೇಳೋಣ ಅಂದ ಬಾಟ್ಲಿ. ಮೀಟರ್ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದು ಆಗ್ಬೋದು. ಆದ್ರೂ ಬರೆಸೋಕೆ ಕೇಳಿ" ಅಂದ. ಮುಂದಿನ ಶನಿವಾರ ಹೆಡ್‌ಮಾಸ್ಟರ್ ಹತ್ತಿರ ಸ್ವಾಮಿ ಟೈಮ್ ತಗೊಳ್ಳುವುದು ಅಂತಾಯಿತು. ಗ್ರೂಪಿಗೆ ಹೇಳುವುದು ಬೇಡ ಅಂತಲೂ ಆಯಿತು.

ಸಂಜೆ ತೇರು ಹೊರಟಾಗ ಜನಸಂದಣಿಯಲ್ಲಿ ನನಗೆ ಕಂಡದ್ದು ದೀಪದ ತುದಿ ಮತ್ತು ಎತ್ತಿ ಹಿಡಿದ ಮೊಬೈಲ್‌ಗಳು ಮಾತ್ರ. ರಾತ್ರಿ ಮೀಟರ್ ಇನ್ನೋವಾದಲ್ಲಿ ಸ್ಟೇಷನ್ನಿಗೆ ಬಿಟ್ಟ. ವ್ರತ ಮುಗಿದಿತ್ತು, ದಾರಿಯಲ್ಲೇ ಮಿಸ್ ಕೊಟ್ಟ ಪೊಟ್ಟಣ ಬಿಚ್ಚಿದ, ಸೋಮವಾರದವರೆಗೆ ಕಾಯಲಿಲ್ಲ. ಶನಿವಾರ ನನಗೆ ಬರೋದು ಕಷ್ಟ, ಬ್ಯಾಂಕಲ್ಲಿ ಆಡಿಟ್ ಇದೆ, ಫೋನಲ್ಲಿ ಸೇರ್ಕೊಳ್ತೀನಿ ಅಂದೆ.

"ರೈಲು ದಿನಾ ಇದೆಯಲ್ಲೋ" ಅಂದ.